ಅರೆಗಾಳಿ

ಸ್ಪೀಕರ್ ಕೆಟ್ಟಿಲ್ಲ ಅಂತ ಮೊದಲ ದಿನವೇ ಹೇಳಿದ್ದೆ.
ಬೋಜಮ್ಮ ನಂಬಲಿಲ್ಲ. ಕ್ಯೂರಿಂಗ್ ವರ್ಕ್ಸಿನ ಲೆಕ್ಕದವರು,
ಕಾಫಿ ಮೂಟೆಯಲ್ಲಿ ಕಾಲು ಕಿಲೋ ಕಮ್ಮಿ ಬಂದರೂ
ಎಲ್ಲಿ ಹೋಯಿತು ಅಂತ ಕೇಳುವವರು.

"ಮತ್ತೆ ಈ ಗುಂಯ್ ಎಲ್ಲಿಂದ?"

ಗೋಣಿಕೊಪ್ಪದ ಬೈಪಾಸು, ಬೇಕರಿಯ ಮೇಲಿನ ಮಹಡಿ,
ಹಲಗೆ ನೆಲ. ಅದರ ಮೇಲೆ
ಸೊಂಟದೆತ್ತರದ ಎರಡು ಪೆಟ್ಟಿಗೆ.
ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತೆ.
ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಯಿತು:
ಹಾಡುತ್ತಿರುವುದು ನೆಲ.

ಹಲಸಿನಕಾಯಿ ತಟ್ಟಿ ನೋಡುವ ಹಾಗೆ
ಪೆಟ್ಟಿಗೆಯ ಪಕ್ಕೆ ತಟ್ಟಿದೆ. ಪೊಳ್ಳು.
ಒಳಗೊಂದು ಅಡ್ಡಪಟ್ಟಿ ಕೊಟ್ಟೆ, ಸಿಲ್ವರ್ ಓಕಿನ ತುಂಡು.
ಕೋನಿನ ಸುತ್ತ ಸ್ಕ್ರೂ ಬಿಗಿದೆ,
ಅಂಗಿಯ ಮೇಲಿನ ಗುಂಡಿ ಹಾಕುವಷ್ಟು,
ಉಸಿರು ಕಟ್ಟದಷ್ಟು.

ಕೆಳಗೆ ಸೈಕಲ್ ಟ್ಯೂಬು, ಅರೆಗಾಳಿ ತುಂಬಿ.
ಟ್ಯೂಬಿನ ಮೇಲೆ ಕರಿಕಲ್ಲಿನ ಚಪ್ಪಡಿ.
ಚಪ್ಪಡಿಯ ಮೇಲೆ ಹಿತ್ತಾಳೆಯ ಚೂಪುಗಾಲು,
ವಿರಾಜಪೇಟೆಯ ಲೇತಿನ ಹಂಸ ಕಡೆದು ಕೊಟ್ಟದ್ದು.
ಪೆಟ್ಟಿಗೆಗೆ ಮೂರು ಸಾಕು ಅಂದೆ,
ನಾಲ್ಕಿದ್ದರೆ ಒಂದು ಸುಳ್ಳು ಹೇಳುತ್ತದೆ.
ಲೆಕ್ಕದವರಿಗೆ ಆ ಮಾತು ಹಿಡಿಸಿತು.

ಆಮೇಲೆ ಕ್ಯಾಸೆಟ್ಟು. ಅವರ ದೊಡ್ಡಪ್ಪ, ಇನ್ನೂ ಮೂವರು,
ಎಪ್ಪತ್ತೊಂಬತ್ತರ ಪುತ್ತರಿಯ ದುಡಿಕೊಟ್ಟ್ ಪಾಟ್.
ಗುಂಯ್ ಹೋಗಿತ್ತು. ದುಡಿಯ ಚರ್ಮ ಚರ್ಮವಾಗಿ,
ಕೋಲು ಕೋಲಾಗಿ, ನಡುವೆ ಯಾರದೋ ಕೆಮ್ಮು.

"ಇನ್ನೂ ಇದೆ ನೋಡಿ" ಅಂದರು ಬೋಜಮ್ಮ.

ಇತ್ತು. ಕಿಣಿಕಿಣಿ, ತೆಳ್ಳಗೆ.
ಶೋಕೇಸಿನ ಗಾಜಿಗೆ ರಟ್ಟು ತುರುಕಿದೆ.
ಕಿಟಕಿಯ ಚಿಲಕಕ್ಕೆ ನೂಲು ಸುತ್ತಿದೆ.
ಗೋಡೆಯ ಒಡಿಕತ್ತಿಯನ್ನು ಇಳಿಸಿ ಮಂಚದ ಮೇಲೆ ಮಲಗಿಸಿದೆ.
ಕೆಳಗೆ ಹೋಗಿ ಬೇಕರಿಯ ತಗಡಿನ ಟ್ರೇಗಳನ್ನೂ ಮುಟ್ಟಿ ಬಂದೆ.
ಕಿಣಿಕಿಣಿ.
ಇಪ್ಪತ್ತಾರು ವರ್ಷದ ಕೆಲಸ, ನಾಚಿಕೆ ಆಗತೊಡಗಿತು.

ಪ್ರತಿ ಸಲ ಅರ್ಧಕ್ಕೇ ನಿಲ್ಲಿಸಿ ಹುಡುಕುತ್ತಿದ್ದೆವು.
ಈ ಸಲ ಸುಸ್ತಾಗಿ, ಓಡಲು ಬಿಟ್ಟೆ.
ಮೂರನೆಯ ಸುತ್ತಿನಲ್ಲಿ ಅದು ತಾನಾಗಿ ನಿಂತಿತು.
ದುಡಿ ನಡೆದೇ ಇತ್ತು.
ನಾವಿಬ್ಬರೂ ಏನನ್ನೂ ಮುಟ್ಟಿರಲಿಲ್ಲ.

ಹಿಂದಕ್ಕೆ ತಿರುಗಿಸಿದೆ. ಅದೇ ಜಾಗದಲ್ಲಿ ಮತ್ತೆ ನಿಂತಿತು.
ಆವತ್ತಿನ ಆ ಕೋಣೆಯಲ್ಲಿ, ತಟ್ಟೆಯ ಮೇಲೆ
ಒಂದು ಲೋಟ ನಡುಗುತ್ತಿದ್ದಿರಬೇಕು.
ಯಾರೋ ಎದ್ದು ಎರಡು ಹೆಜ್ಜೆ ನಡೆದು
ಅದರ ಮೇಲೆ ಕೈ ಇಟ್ಟಿದ್ದಾರೆ.

ಬೋಜಮ್ಮ ಕಣ್ಣು ಮುಚ್ಚಿ ಕೂಡಿಸುತ್ತಿದ್ದರು.
"ಬಳೆ ಸದ್ದಿಲ್ಲ.
ಹಾಗಾದರೆ ಅವ್ವ ಅಲ್ಲ."
ಸ್ವಲ್ಪ ಬಿಟ್ಟು, "ಇನ್ನೊಂದು ಸಲ ಹಾಕಿ."

ಶೋಕೇಸಿನ ರಟ್ಟು ತೆಗೆಯಲೇ ಅಂದೆ.
ಅವರಿಗೆ ಕೇಳಿಸಲಿಲ್ಲ.