ಬಲಗಡೆಯಿಂದ

ಉಸ್ತಾದರು ಮೊದಲ ದಿನವೇ ಹೇಳಿದ್ದರು:
ಮಯ್ಯತ್ತನ್ನು ಮೀಯಿಸಿದವನು ಕಂಡದ್ದನ್ನು ಹೊರಗೆ ಆಡಬಾರದು.
ಬೆನ್ನಿನ ಹುಣ್ಣು, ಬಾಯಿಯ ವಾಸನೆ, ಹಳೆಯ ಹಚ್ಚೆ
ಎಲ್ಲವೂ ಬಟ್ಟೆಯೊಳಗೇ ಹೋಗಬೇಕು.
ಹನ್ನೊಂದು ವರ್ಷ ಹಾಗೇ ನಡೆದುಕೊಂಡೆ.
ವಾರವಿಡೀ ದಮ್ಮಾಮಿನ ಬೀದಿಗಳಿಗೆ ಸಿಹಿನೀರಿನ ಟ್ಯಾಂಕರು,
ಕರೆ ಬಂದರೆ ಆಸ್ಪತ್ರೆಯ ಹಿಂಬದಿಯ ಈ ಕೋಣೆ.
ಇಲ್ಲೂ ನೀರೇ.

ಮಂಗಳವಾರ ಬಂದವನ ಕಾಗದದಲ್ಲಿ
ಹೆಸರು ಜಮಾಲ್ ಗಮೆದಾ, ಪ್ರಾಯ ಇಪ್ಪತ್ತಾರು,
ದೇಶ ಇಥಿಯೋಪಿಯ. ಕಾರಣ: ಹೃದಯ ನಿಂತದ್ದು.
ಸುಳ್ಳಲ್ಲ.
ಅದು ನಿಲ್ಲದೆ ಯಾರು ಈ ಕಲ್ಲಿನ ಮೇಲೆ ಬಂದಾರು?

ಬಲಗಡೆಯಿಂದ ಶುರು ಮಾಡಬೇಕು.
ಬಲ ಮಣಿಕಟ್ಟಿಗೆ ನೀರು ಹೊಯ್ದೆ.
ಬಿಗಿ ಬಳೆ ತೆಗೆದಂತೆ ಒಂದು ಗೆರೆ.
ಎಡಕ್ಕೆ ಅದರ ಜೋಡಿ.
ಕಪ್ಪು ಚರ್ಮದಲ್ಲಿ ಬಾವು ಕಾಣುವುದಿಲ್ಲ ಅನ್ನುತ್ತಾರೆ.
ಕಾಣುತ್ತದೆ. ಕೈಗೆ ಕಾಣುತ್ತದೆ.
ಪಕ್ಕೆಲುಬಿನ ಮೇಲೆ ಒಂದು ಕಡೆ
ಬೆರಳು ಸುಮ್ಮನೆ ಒಳಗಿಳಿಯಿತು,
ಹಣ್ಣಾದ ಪಪ್ಪಾಯಿಯಲ್ಲಿ ಇಳಿದ ಹಾಗೆ.
ತಂಬಿಗೆ ಹಿಡಿದಿದ್ದ ಇದಿನಬ್ಬಾಕ ಮುಖ ತಿರುಗಿಸಿ
"ಮೋನೇ, ಬೇಗ ಮುಗಿಸು" ಎಂದರು.

ನನಗೆ ಆ ಮುಖದ ಗುರುತಿತ್ತು.

ಶುಕ್ರವಾರ, ಇಶಾ ಮುಗಿದ ಹೊತ್ತು,
ಸೀಕೊ ಬಿಲ್ಡಿಂಗಿನ ಹಿಂದಿನ ಗಲ್ಲಿ.
ಕಾರಿನ ಗಾಜು ಇಳಿಸಿದ ಕೆಂಪು ಮೂಗಿನ ಎಂಜಿನಿಯರನಿಗೆ
ಪೊಲೀಸನ ಕೈ ತಾನಾಗಿ ಎದೆಗೆ ಹೋಯಿತು. ಹೋಗಿ ಸಾರ್.
ನನಗೆ, "ಹಿಂದಿ?" ಎಂದು ಕುತ್ತಿಗೆಗೊಂದು ಪೆಟ್ಟು,
ತಮಾಷೆಯದ್ದು ಅನ್ನಬಹುದಾದಷ್ಟು. ಯಲ್ಲಾ, ರೋಹ್.
ನನ್ನ ಹಿಂದೆ ಇವನು.
ಒಂದು ಕೈಯಲ್ಲಿ ಇಕಾಮಾ, ಒಂದರಲ್ಲಿ ಕುಬ್ಬೂಸಿನ ಕಟ್ಟು.
ಅವಧಿ ಮುಗಿದಿತ್ತೋ ಇಲ್ಲವೋ, ಕಾರ್ಡನ್ನು ಯಾರೂ ಓದಲಿಲ್ಲ.
ಓದಿದ್ದು ಮುಖವನ್ನು.
ನಾನು ತಿರುಗಿ ನೋಡಲಿಲ್ಲ.
ರೊಟ್ಟಿ ಬಿದ್ದರೆ ಸದ್ದಾಗುತ್ತದೆಯೇ?
ಆಗುತ್ತದೆ.

ಉಪ್ಪಿನಂಗಡಿಯಲ್ಲಿ ನಾನೇ ಕರಿಯ.
ಅಜ್ಜಿ ಮುದ್ದಿಗೆ ಕರೆದದ್ದು, ಶಾಲೆಯಲ್ಲಿ ಬೆನ್ನಿಗೆ ಎಸೆದದ್ದು,
ಹೆಣ್ಣು ಕೇಳಹೋದ ಮನೆಯ ಪರದೆಯ ಹಿಂದೆ ಪಿಸುಗುಟ್ಟಿದ್ದು.
ವಿಮಾನ ಇಳಿದ ಮೇಲೆ ಆ ಹೆಸರು ಹೆಗಲಿಂದ ಜಾರಿತು,
ಒದ್ದೆ ಗೋಣಿಯ ಹಾಗೆ. ಎಷ್ಟು ಹಗುರವಾಯಿತು ಅಂತೀರಿ!
ಬಿದ್ದ ಗೋಣಿ ಯಾರ ಹೆಗಲಿಗೆ ಹೋಯಿತೆಂದು ಗೊತ್ತಿತ್ತು.
"ಕರಿಯರನ್ನು ಹಿಡಿದರಂತೆ" ಎಂದು ರೂಮಿನಲ್ಲಿ ಚಾ ಹೀರುತ್ತ
ನಾನೇ ಹೇಳಿದ್ದೇನೆ.
"ಏನಾದರೂ ಮಾಡಿರಬೇಕು" ಎಂದೂ.

ಹೀಗೆ ಬಳೆ ತೊಟ್ಟು ಬಂದವರು ಎಷ್ಟು ಮಂದಿ?
ಬರೆದಿಟ್ಟಿಲ್ಲ. ಕೈ ಇಟ್ಟುಕೊಂಡಿದೆ ಲೆಕ್ಕ:
ಸುಡಾನಿನ ಇಬ್ಬರು, ಚಾಡಿನ ಆ ಹುಡುಗ,
ಚಿತ್ತಗಾಂಗಿನವನೊಬ್ಬ, ಹೆಸರೇ ಇಲ್ಲದವನೊಬ್ಬ.
ಕೆಂಪು ಮೂಗಿನವರು ಈ ಕಲ್ಲಿಗೆ ಬರುವುದಿಲ್ಲ, ಸರಿ,
ಅವರ ದಾರಿ ಬೇರೆ.
ಆದರೆ ಈ ಊರಿನ ದೊಡ್ಡ ಮನೆಯವರನ್ನೂ ಮೀಯಿಸಿದ್ದೇನೆ.
ಅವರ ಮಣಿಕಟ್ಟಿನಲ್ಲಿ ಇದ್ದದ್ದು
ಗಡಿಯಾರದ ಬಿಳಿ ಗುರುತು ಮಾತ್ರ.

ಮೂರು ಸಲ ಸಾಕು. ಸಾಲದಿದ್ದರೆ ಐದು, ಏಳು. ಬೆಸವಿರಬೇಕು.
ಏಳನೆಯದಕ್ಕೆ ಕರ್ಪೂರ ಬೆರೆಸಿದೆ.
ಗೆರೆ ಹಾಗೇ ಇತ್ತು.

ಉಸ್ತಾದರೇ,
ಮುಚ್ಚಬೇಕಾದ್ದು ಸತ್ತವನ ಐಬು ಅಲ್ಲವೇ?
ಇದು ಅವನದಲ್ಲ.
ಇದನ್ನೂ ಕಫನಿನಲ್ಲಿ ಸುತ್ತಿ ಮೂರು ಗಂಟು ಹಾಕಿದರೆ
ನಾನು ಮುಚ್ಚುತ್ತಿರುವುದು ಯಾರನ್ನು?

ರಾತ್ರಿ ಜಿಮ್ಮಾದಿಂದ ಅವನ ಅಕ್ಕನ ಫೋನು.
ಜಿದ್ದಾದಲ್ಲಿ ಎರಡು ವರ್ಷ ಮನೆಗೆಲಸ ಮಾಡಿದವಳು,
ಅವಳ ಅರಬಿಯೂ ನನ್ನಷ್ಟೇ ಹರಕು.
ನೀನೇ ಮೀಯಿಸಿದವನಾ? ಹೌದು.
ಮುಖ ಹೇಗಿತ್ತು? ಚೆನ್ನಾಗಿತ್ತು, ಅದು ನಿಜ.
ಕೈ? ಎಂದಳು. ದರ್ಜಿಯ ಕೈ ಅದು,
ಕೈ ಹೇಗಿತ್ತು?

ಹೊರಗೆ ಟ್ಯಾಂಕರಿನ ನಲ್ಲಿ ತೊಟ್ಟಿಕ್ಕುತ್ತಿತ್ತು.
ಇದಿನಬ್ಬಾಕ ಬೇಡವೆಂದು ತಲೆಯಾಡಿಸುತ್ತಿದ್ದರು.

ಬಲಗಡೆಯಿಂದ
ಶುರು ಮಾಡಿದೆ.