ಕೊಸರು

ಅವೀರ್ ಮಂಡಿಯಲ್ಲಿ ಬೆಳಗಿನ ನಾಲ್ಕಕ್ಕೆ
ಇರಾನಿನ ಕಲ್ಲಂಗಡಿ ಇಳಿಯುತ್ತದೆ, ನಾಸಿಕದ ಈರುಳ್ಳಿ ಇಳಿಯುತ್ತದೆ,
ಒಮಾನಿನ ಟೊಮೆಟೊ ಮೈಮೇಲೆ ಇನ್ನೂ ತಂಪು ಲಾರಿಯ ಬೆವರು.
ನಾನು ಚೀಟಿ ಬರೆಯುವವ.
ಮೋನಬ್ಬ ಬೆಲೆ ಹೇಳುವವರು.

ಬಿ.ಕಾಂ.ನಲ್ಲಿ ನನಗೆ ಕಲಿಸಿದ್ದರು:
ಮಾಲು ಜಾಗ ಬದಲಿಸಿದರೆ ಬೆಲೆ, ಕಾದಿಟ್ಟರೆ ಬೆಲೆ,
ವಿಂಗಡಿಸಿದರೆ ಬೆಲೆ. ಹದಿನೈದು ಅಂಕದ ಪ್ರಶ್ನೆ.
ಮೋನಬ್ಬ ಪೆಟ್ಟಿಗೆ ಬೋರಲು ಹಾಕಿ ತೋರಿಸಿದರು:
"ಮೇಲಿನ ಸಾಲು ಮಾರುವವನ ಮುಖ,
ಅಡಿಯ ಸಾಲು ಅವನ ಮನೆ.
ಮನೆ ನೋಡಿ ಚೀಟಿ ಬರಿ."

ಆ ದಿನ ವಿಮಾನದಲ್ಲಿ ಬಂದದ್ದು ಒಂದೇ ರಟ್ಟಿನ ಪೆಟ್ಟಿಗೆ
ಮಟ್ಟುಗುಳ್ಳ. ತಿಳಿಹಸುರು, ದುಂಡಗೆ, ತೊಟ್ಟಿನಲ್ಲಿ ಮುಳ್ಳು.
ಈಜಿಪ್ಟಿನವನು ಎತ್ತಿ ನೋಡಿ, ಬೆಳೆಯದ ಕಾಯಿ ಅಂದ.
ಪೇಶಾವರದವನು ಬೆರಳು ಚುಚ್ಚಿಸಿಕೊಂಡು ಬೈದ.
ಕಪ್ಪು ಬದನೆ ಎರಡು ದಿರ್ಹಮಿಗೆ ಕಿಲೋ ಓಡುತ್ತಿತ್ತು.
ಇದು ಕೂತೇ ಇತ್ತು.

ಒಂಬತ್ತಾಯಿತು. ತಗಡಿನ ಮಾಡು ಕಾಯತೊಡಗಿತು.
"ಬೆಲೆ ಇಳಿಸುವಾ?" ಅಂದೆ.
"ಗೊತ್ತಿಲ್ಲದವನಿಗೆ ಪುಕ್ಕಟೆ ಕೊಟ್ಟರೂ ದುಬಾರಿ, ಮಾರಾಯ."
ಒದ್ದೆ ಗೋಣಿ ಹೊದಿಸಿದರು, ಅಷ್ಟೆ.

ಹತ್ತಕ್ಕೆ ಕುಶಲಾ ಶೆಟ್ಟಿಗಾರ್ ಬಂದರು, ಶಾರ್ಜಾದಲ್ಲಿ
ನಲವತ್ತು ಜನಕ್ಕೆ ಬುತ್ತಿ ಕಟ್ಟುವವರು.
ಎಲೆಕೋಸಿಗೆ ಎಷ್ಟು? ಹಾಗಲಕ್ಕೆ?
ಆಲೂಗಡ್ಡೆಯ ಮೊಳಕೆಗೆ ಮೂಗು ಮುರಿದು,
ಹೊರಟೇಬಿಟ್ಟವರ ಹಾಗೆ ತಿರುಗಿ,
"ಇದೆಂಥದು, ಬದನೆಯಾ?"

ಬಾಯಿ ಕೇಳುತ್ತಿತ್ತು. ಕೈ ಆಗಲೇ
ನೋಡದೆಯೇ, ಮುಳ್ಳು ತಪ್ಪಿಸಿ
ತೊಟ್ಟು ಹಿಡಿದಿತ್ತು.

ಮೋನಬ್ಬ ಕಂಡರು. ಮೂವತ್ತೈದರ ಪೆಟ್ಟಿಗೆ
ನಿಂತಲ್ಲೇ ನಲವತ್ತೈದಾಯಿತು.
ಆಮೇಲೆ ತುಳುವಿನಲ್ಲಿ ಜಗಳ:
ವಿಮಾನದ ಬಾಡಿಗೆ, ಬಾಡಿದ ಎರಡು ಕಾಯಿ, ಅವರ ಅಜ್ಜಿಯ ಹಿತ್ತಿಲು,
ಇವರ ಮೊಣಕಾಲು ನೋವು,
ಎಲ್ಲ ತಕ್ಕಡಿಗೆ ಹತ್ತಿ ಇಳಿದು
ನಲವತ್ತಕ್ಕೆ ಮುಳ್ಳು ನಿಂತಿತು.
ಬರೆದೆ: ಗುಳ್ಳ, ಪೆಟ್ಟಿಗೆ ಒಂದು, ನಲವತ್ತು.

ಹೆಚ್ಚಿನ ಐದು ಎಲ್ಲಿಂದ ಬಂತು?
ಕಾಲದ್ದಲ್ಲ, ಜಾಗದ್ದಲ್ಲ,
ವಿಂಗಡಣೆಯದ್ದಂತೂ ಅಲ್ಲ.
ಒಂದು ಹೆಬ್ಬೆರಳಿನದು.

ಪೆಟ್ಟಿಗೆ ಸೊಂಟಕ್ಕೇರಿಸಿದ ಮೇಲೆ ಕುಶಲಕ್ಕ
ನೆನಪಾದವರಂತೆ ನಿಂತರು:
"ಕೊಸರು?"

ಮೋನಬ್ಬ ಮೇಜಿನಡಿಯಿಂದ ಒಂದು ಗುಳ್ಳ ತೆಗೆದು ಮೇಲಿಟ್ಟರು,
ಬೆಳಗ್ಗೆಯೇ ಅದೇ ಪೆಟ್ಟಿಗೆಯಿಂದ ಎತ್ತಿಟ್ಟದ್ದು.
ಇಬ್ಬರೂ ನಕ್ಕರು.
ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ.