ಫಜೀತಿ

ಬೋರ್ಡಿನ ಮೇಲಿದ್ದುದನ್ನು ಇದಿನಬ್ಬ ಮೊದಲ ದಿನ
ಅಕ್ಷರ ಕೂಡಿಸಿ ಓದಿದ: ಫ, ಜೀ, ತಾ.
ಓದಿ ನಕ್ಕ.
"ಫಜೀತಿಗೆ ಇಲ್ಲಿ ಇಪ್ಪತ್ತೆಂಟು ರಿಯಾಲು ಮಾರಾಯ,
ನಮ್ಮಲ್ಲಿ ಪುಕ್ಕಟೆ."
ಮ್ಯಾನೇಜರ್ ತಿದ್ದಿದ: ಜ ಅಲ್ಲ, ಹ. ಫಹೀತಾ.
ನಾವು ಹ ಅನ್ನಲೇ ಇಲ್ಲ. ಹನ್ನೊಂದು ವರ್ಷ.

ಜುಬೈಲಿನ ಆ ಅಡುಗೆಮನೆಯಲ್ಲಿ ನಾನು
ಟಬ್ಬಿಗೆ ನಲವತ್ತು ಕಿಲೋ ಮಾಂಸ ಅದ್ದುವವನು.
ಗೋಡೆಯ ಚೀಟಿ ಹೇಳಿದಷ್ಟು ಉಪ್ಪು,
ಬಾಟಲಿಯ ನಿಂಬೆರಸ, ಪೊಟ್ಟಣದ ಬೆಳ್ಳುಳ್ಳಿ ಪುಡಿ,
ಮೊಣಕೈವರೆಗೆ ನೀಲಿ ಗ್ಲೌಸು.
ರುಚಿ ನೋಡುವುದು ನನ್ನ ಕೆಲಸವಲ್ಲ,
ಥರ್ಮಾಮೀಟರು ನೋಡುವುದು.
ನಾಲ್ಕು ಡಿಗ್ರಿ. ಸಹಿ. ಸಮಯ.

ರೂಮಿನಲ್ಲಿ ಬರಿಗೈ.
ಗುರುವಾರ ರಾತ್ರಿ ಜೀರಿಗೆ ಹುರಿಯುತ್ತೇನೆ,
ಮೇಲಿನ ಮಂಚದ ರೊಡೆಲ್ ಮೂಗರಳಿಸಿ ಏಳುವವರೆಗೆ.
ಬೆಳ್ಳುಳ್ಳಿ ಜಜ್ಜಲು ಗುಂಡುಕಲ್ಲಿಲ್ಲ,
ತೇಜ್ ಬಹಾದೂರನ ಡಂಬೆಲ್ ಇದೆ, ತೊಳೆದದ್ದೇ.
ಚೀಟಿಯ ಕರೀ ಸಾಸಿಗೆ ಬದಲು
ಹುಣಸೆಯ ನೀರು, ಚೂರು ಬೆಲ್ಲ.
ಅವರ ಮೆಣಸಿಗೆ ಬದಲು
ಗಿಲ್ಬರ್ಟನ ಅಕ್ಕ ಸೀರೆಯ ತುಂಡಿನಲ್ಲಿ ಸುತ್ತಿ
ಕಸ್ಟಮ್ಸಿನವರಿಗೂ ಸೀನು ತರಿಸಿದ ಕುಮ್ಟೆ ಮೆಣಸು.
ಎಣ್ಣೆ. ಕೊತ್ತಂಬರಿಯ ದಂಟು,
ಸೊಪ್ಪಲ್ಲ, ದಂಟು; ಘಮ ಅಲ್ಲಿ ಅಡಗಿರುತ್ತದೆ.
ಎಲ್ಲ ಕಲಸಿ, ಮಾಂಸದ ಎಳೆ ಎತ್ತ ಓಡುತ್ತದೆಂದು
ಬೆರಳಲ್ಲಿ ತಡವಿ, ತಿಕ್ಕಿ,
ಕೊನೆಗೆ ನಿಂಬೆ.

ನಿಂಬೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಮೇಷ್ಟ್ರು.
ಹುಳಿಯೆಂದರೆ ಬೆಂಕಿಯ ತಂಗಿ ಕಣ್ರೋ,
ಅವಳೂ ಬೇಯಿಸುತ್ತಾಳೆ, ಹೊಗೆಯಿಲ್ಲದೆ.
ಮೂರು ಗಂಟೆಗೆ ಮಾಂಸ ಹೇಳಿದ ಮಾತು ಕೇಳುತ್ತದೆ,
ಆರಕ್ಕೆ ಬಿಳಚಿಕೊಳ್ಳುತ್ತದೆ,
ಹಗಲಿಡೀ ಬಿಟ್ಟಿರೋ,
ತಾನು ಮಾಂಸವೆಂಬುದನ್ನೇ ಮರೆಯುತ್ತದೆ.

ಆ ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ
ಕಾರ್ನಿಷ್‌ನಲ್ಲಿ ಇದ್ದಿಲು ಹೊತ್ತಿಸಬೇಕಿತ್ತು.
ಇದಿನಬ್ಬನ ಫೈನಲ್ ಎಕ್ಸಿಟ್.
ಉಳ್ಳಾಲದವನು, ಸೂರ್ಯ ಕಡಲಿಗೆ ಬೀಳುವುದನ್ನೇ ಕಂಡವನು,
ಇಲ್ಲಿ ಕಡಲಿಂದ ಏಳುವುದನ್ನು
ಒಮ್ಮೆಯಾದರೂ ಎಚ್ಚರವಿದ್ದು ನೋಡಲಿ ಎಂದು.
ಎರಡು ಗಂಟೆಗೆ ನಿಂಬೆ ಹಿಂಡಿದೆ.
ಮೂರೂಕಾಲಿಗೆ ಫೋನು:
ಇನ್ನೊಬ್ಬ ಆಸ್ಪತ್ರೆಯಲ್ಲಿ, ಮದುವೆಯ ಆರ್ಡರು, ಬಾ.

ರಾತ್ರಿ ಒಂಬತ್ತಕ್ಕೆ ಬಾಗಿಲು ತಳ್ಳಿದರೆ
ಪಾತ್ರೆ ಫ್ರಿಜ್ಜಿನಲ್ಲಿ ಇಟ್ಟಲ್ಲೇ ಇದೆ.
"ನೀನು ಬಾರದೆ ಹೇಗೆ" ಎಂದ ಇದಿನಬ್ಬ,
ಗಡ್ಡ ಬೋಳಿಸಿಕೊಂಡು, ಹೊಸ ಅಂಗಿ ತೊಟ್ಟು,
ಕಟ್ಟಿದ ಪೆಟ್ಟಿಗೆಯ ಮೇಲೆ ಕೂತು.
ಎಲ್ಲರೂ ಬರೀ ಖುಬ್ಸು ತಿಂದಿದ್ದರು.

ಮಹಡಿಯ ಮೇಲೆ, ಟ್ಯಾಂಕಿನ ಮರೆಯಲ್ಲಿ ಬೆಂಕಿ ಹಾಕಿದೆವು.
ಮಾಂಸ ಕಡ್ಡಿಗೆ ನಿಲ್ಲಲಿಲ್ಲ.
ಸರಳಿನ ಸಂದಿಯಿಂದ ಕೆಂಡಕ್ಕೆ ಇಳಿಯಿತು,
ಒದ್ದೆ ಕಾಗದದ ಹಾಗೆ.
ನಾನು ತಲೆಯ ಮೇಲೆ ಕೈಹೊತ್ತು ಕೂತೆ.
ಇದಿನಬ್ಬ ಪಾತ್ರೆಯ ಮುಚ್ಚಳವನ್ನೇ ಕೆಂಡದ ಮೇಲಿಟ್ಟು
ಉಳಿದದ್ದನ್ನು ಸುರಿದು, ಕೆದಕಿ, ಮುದ್ದೆ ಮಾಡಿ
ಮೊದಲ ತುತ್ತು ನನ್ನ ಬಾಯಿಗಿಟ್ಟ.
"ಹೆಸರು ಈಗ ಸರಿಹೋಯಿತು ನೋಡು."

ಹುಳಿ. ಭಯಂಕರ ಹುಳಿ.
ಯಾರೂ ಒಂದಗುಳು ಬಿಡಲಿಲ್ಲ.
ಹನ್ನೆರಡಕ್ಕೆ ದಮ್ಮಾಮಿನ ಕಾರು ಬಂತು.

ಶನಿವಾರ ಗ್ಲೌಸಿನೊಳಗೆ
ಉಗುರಿನ ಸಂದಿ ಇನ್ನೂ ಚುರುಗುಡುತ್ತಿತ್ತು.
ಇದಿನಬ್ಬನ ಬೈಕಿಗೆ ಹೊಸ ಹುಡುಗ ಬಂದಿದ್ದ,
ಕೀಲಿಕೈ ಬೆರಳಲ್ಲಿ ತಿರುಗಿಸುತ್ತ ಬೋರ್ಡು ನೋಡಿ
ತಡವರಿಸದೆ ಓದಿದ,
ಫಹೀತಾ.